ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡುವ ಮುನ್ನ...

ಚಿತ್ರದುರ್ಗ: ಹಳೆಯ ಜೀಪಿಗೆ ಬೇರೆ ವಾಹನದ ಗೇರ್‌ಬಾಕ್ಸ್ ಕೂರಿಸಿದಾಗ ಎದುರಾಗುವ ಮೊದಲ ತೊಡಕು ಪ್ರೊಪೆಲ್ಲರ್ ಶಾಫ್ಟ್‌ನದು. ಹೊಸ ಗೇರ್‌ಬಾಕ್ಸ್ ಉದ್ದವಾಗಿದ್ದರೆ ಹಳೆಯ ಶಾಫ್ಟ್ ಹಿಡಿಸುವುದಿಲ್ಲ. ನಾಲ್ಕು ಬೆರಳಿನಷ್ಟು ಕೊಳವೆ ಕತ್ತರಿಸಿ, ಮನೆಯಂಗಳದಲ್ಲೇ ವೆಲ್ಡಿಂಗ್ ಮಾಡಿದರೆ ಸಾಕೆಂಬ ಭಾವನೆ ಸಹಜ. ಆದರೆ ಕತ್ತರಿಸುವುದು ಸುಲಭ. ಮತ್ತೆ ನೇರವಾಗಿ, ಸಮತೂಕದಲ್ಲಿ ಕೂಡಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಎಲ್ಲ ಕಾರಿಗೂ ಸಲ್ಲದು

ಗೇರ್‌ಬಾಕ್ಸ್‌ನ ತಿರುಗುಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಟೊಳ್ಳು ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಜೀಪ್, ಅಂಬಾಸಿಡರ್, ಓಮ್ನಿ ವಾಹನಗಳಲ್ಲಿ ಇದಿದೆ. ಮಾರುತಿ 800ರಂತಹ, ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳಲ್ಲಿ ಇದರ ಬದಲು ಎರಡು ಚಿಕ್ಕ ಶಾಫ್ಟ್‌ಗಳಿರುತ್ತವೆ. ಅವುಗಳ ಉಕ್ಕಿಗೆ ಕೊಟ್ಟಿರುವ ಹದ ವೆಲ್ಡಿಂಗ್ ಶಾಖಕ್ಕೆ ಕೆಡುವುದರಿಂದ ಅವನ್ನು ಕತ್ತರಿಸಿ ಬೆಸೆಯಲೇಬಾರದು.

ವೇಗದಲ್ಲಿ ಬಯಲಾಗುವ ದೋಷ

ಆಕ್ಸಲ್ ಅನುಪಾತ 4.5, ಚಕ್ರದ ಸುತ್ತಳತೆ 2.2 ಮೀಟರ್ ಇರುವ ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2,700 ಸುತ್ತು ತಿರುಗುತ್ತದೆ. ಹೊಸದುರ್ಗ, ಹೊಳಲ್ಕೆರೆಯ ತೋಟದ ದಾರಿಗಳಲ್ಲಿ ನಿಧಾನವಾಗಿ ಸಾಗುವಾಗ ತೋರದ ಸೊಟ್ಟು, ಹಿರಿಯೂರು–ಚಿತ್ರದುರ್ಗ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಡುಕವಾಗಿ ಬಯಲಾಗುತ್ತದೆ. ಈ ನಡುಕ ಯೂಜೆ ಕ್ರಾಸ್, ಆಯಿಲ್ ಸೀಲ್ ಹಾಗೂ ಬೇರಿಂಗ್‌ಗಳನ್ನು ಸವೆಸುತ್ತದೆ. ಓಟದಲ್ಲಿ ಮುಂದಿನ ಜಾಯಿಂಟ್ ತುಂಡಾದರೆ ಶಾಫ್ಟ್‌ನ ತುದಿ ರಸ್ತೆಗೆ ನಾಟಿ ವಾಹನವನ್ನೇ ಮೇಲೆತ್ತಬಲ್ಲದು.

ಸರಿಯಾದ ಕ್ರಮ

ಅಳತೆಯನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ತೆಗೆದುಕೊಳ್ಳಬೇಕು. ಜ್ಯಾಕ್ ಮೇಲೆ ಎತ್ತಿದರೆ ಆಕ್ಸಲ್ ಕೆಳಗೆ ಇಳಿದು ಅಳತೆ ತಪ್ಪುತ್ತದೆ. ಒಳಹೊರಗೆ ಜಾರುವ ತುದಿಗೆ ಸುಮಾರು ಒಂದು ಅಂಗುಲ ಜಾಗ ಉಳಿಸುವುದು ರೂಢಿ. ಇಲ್ಲವಾದರೆ ಗುಂಡಿಯಲ್ಲಿ ಶಾಫ್ಟ್ ಗೇರ್‌ಬಾಕ್ಸಿಗೆ ಗುದ್ದುತ್ತದೆ.

ಕತ್ತರಿಸುವ ಮೊದಲು ಕೊಳವೆಯ ಉದ್ದಕ್ಕೂ ನೇರ ಗೆರೆ ಎಳೆಯುವುದು ಅತಿ ಮುಖ್ಯ. ಓರೆಯಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ. ಎರಡೂ ತುದಿಯ ಯೋಕ್‌ಗಳು ಒಂದೇ ನೇರದಲ್ಲಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ.

ಹಳೆಯ ವೆಲ್ಡಿಂಗನ್ನು ಲೇತ್‌ನಲ್ಲಿ ತೆಗೆದು ಯೋಕ್ ಬಿಡಿಸಬೇಕು. ಕೊಳವೆ ಕತ್ತರಿಸಿದ ಬಳಿಕ ಗೆರೆಗೆ ಸರಿಯಾಗಿ ಯೋಕ್ ಕೂರಿಸಿ, ನಾಲ್ಕು ಕಡೆ ಟ್ಯಾಕ್ ಹಾಕಬೇಕು. ಡಯಲ್ ಗೇಜ್‌ನಲ್ಲಿ ಓಲಾಟ ಅರ್ಧ ಮಿ.ಮೀ.ಗಿಂತ ಕಡಿಮೆ ಇರುವುದನ್ನು ಖಚಿತಪಡಿಸಿಕೊಂಡ ನಂತರವೇ ಪೂರ್ಣ ವೆಲ್ಡಿಂಗ್. ಕೊನೆಯದು ಯಂತ್ರದಲ್ಲಿ ಬ್ಯಾಲೆನ್ಸಿಂಗ್. ಈ ಯಂತ್ರ ಎಲ್ಲ ಲೇತ್ ಅಂಗಡಿಗಳಲ್ಲೂ ಇರುವುದಿಲ್ಲವಾದ್ದರಿಂದ ಕೆಲಸ ಒಪ್ಪಿಸುವ ಮೊದಲೇ ವಿಚಾರಿಸುವುದು ಲೇಸು.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಅಗತ್ಯ. ಚಾಸಿಸ್ ಕತ್ತರಿಸಿ ವ್ಹೀಲ್‌ಬೇಸ್ ಗಿಡ್ಡ ಮಾಡಿದರೆ ನೋಂದಣಿ ಪತ್ರದಲ್ಲಿರುವ ಅಳತೆಯೇ ಸುಳ್ಳಾಗುತ್ತದೆ. ಆದ್ದರಿಂದ ಗ್ಯಾಸ್ ಕಟರ್ ಹಿಡಿಯುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿಬರುವುದೇ ಸರಿಯಾದ ಮೊದಲ ಹೆಜ್ಜೆ.