ಆಯಿಯ ಗೋಡೆಯಲ್ಲಿ ಅಂಟಿನ ಕೋಟೆ

ಮನ್ನಾಏಖೇಳ್ಳಿಯ ನಮ್ಮ ಹಳೆ ಮನೆಯ ಕಲ್ಲು–ಮಣ್ಣಿನ ಗೋಡೆಯಿಂದ ಬಾಗಿಲ ಪಕ್ಕದಲ್ಲೇ ಒಂದು ಕಂದು ಕೊಳವೆ ಹೊರಬಂದಿದೆ. ಪೆನ್ನಿನ ಕ್ಯಾಪಿನಷ್ಟು ದಪ್ಪ. ಕಳೆದ ಬೇಸಿಗೆಯಲ್ಲಿ ಕಾಕಾ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಲು ಗೌಂಡಿಯನ್ನು ಕರೆಸಿದರು. ‘ಇದು ಮುಚ್ಚಿಬಿಡ್ಲ್ಯಾ?’ ಎಂದು ಕೇಳಿದರು ಆತ. ‘ಬ್ಯಾಡ್ರಿ, ಒಳಗ ಜೇನ ಅವ’ ಎಂದಳು ಆಯಿ.

ಇವು ಚುಚ್ಚದ ಜೇನು. ಕರಾವಳಿಯಲ್ಲಿ ಮುಜಂಟಿ, ಕೆಲವು ಕಡೆ ಮಿಸರಿ ಅಥವಾ ನಸರಿ ಎನ್ನುತ್ತಾರೆ. ಉದ್ದ ಸುಮಾರು ನಾಲ್ಕು ಮಿಲಿಮೀಟರ್. ಮುಳ್ಳು ಇದ್ದೂ ಇಲ್ಲದಂತೆ, ಚುಚ್ಚಲು ಬರುವುದಿಲ್ಲ. ಹಾಗಾದರೆ ಇಷ್ಟು ವರ್ಷ ಇರುವೆ, ಹಲ್ಲಿಗಳ ನಡುವೆ ಗೂಡು ಹೇಗೆ ಉಳಿಯಿತು?

ಉತ್ತರ ನನಗೆ ಸಿಕ್ಕಿದ್ದು ಚಿಕ್ಕಂದಿನ ಒಂದು ಕಿಡಿಗೇಡಿತನದಿಂದ. ಐದನೇ ಕ್ಲಾಸಿನಲ್ಲಿದ್ದಾಗ ಕಸಬರಿಗೆ ಕಡ್ಡಿಯಿಂದ ಆ ಕೊಳವೆ ಮುರಿದಿದ್ದೆ. ಕಡ್ಡಿ ಅಲ್ಲೇ ಅಂಟಿಕೊಂಡಿತು. ಸ್ವಲ್ಪ ಹೊತ್ತಿಗೆ ಇರುವೆಗಳ ಸಾಲು ಬಂತು. ಮೊದಲ ಇರುವೆಯ ಮೇಲೆ ಒಂದು ಜೇನು ಅಂಟಿನ ಚುಕ್ಕೆ ಇಟ್ಟು ಹಿಂದೆ ಸರಿಯಿತು. ಇನ್ನೊಂದು ಬಂದು ಇನ್ನೊಂದು ಚುಕ್ಕೆ ಇಟ್ಟಿತು. ಇರುವೆ ಕಾಲೆತ್ತಲಾಗದೆ ನಿಂತುಬಿಟ್ಟಿತು. ಸಂಜೆ ಆಯಿಯಿಂದ ನನಗೂ ಎರಡು ಬಿತ್ತೆನ್ನಿ.

ಆ ಅಂಟು ಮರಗಳದ್ದು. ಗಾಯವಾದ ಮರದಿಂದ ಒಸರುವ ರಾಳವನ್ನು ಜೇನು ದವಡೆಯಿಂದ ಕಚ್ಚಿ ಎಳೆಯುತ್ತದೆ, ಮುಂಗಾಲಿನಿಂದ ನಡುಗಾಲಿಗೆ ದಾಟಿಸುತ್ತದೆ, ಅಲ್ಲಿಂದ ಹಿಂಗಾಲಿನ ಬುಟ್ಟಿಗೆ ತಟ್ಟಿ ಕೂರಿಸುತ್ತದೆ. ಪರಾಗ ತರುವುದೂ ಅದೇ ಬುಟ್ಟಿಯಲ್ಲಿ. ರೊಟ್ಟಿ ಹಿಟ್ಟು ಕೈಗೆ ಮೆತ್ತಿದರೇ ನಾವು ಒದ್ದಾಡುತ್ತೇವೆ; ಇವು ರಾಳ ಹೊತ್ತು ಹಾರುತ್ತವೆ! ಚುಚ್ಚದ ಜೇನುಗಳು ಹಸಿ ಬಣ್ಣವನ್ನೂ ಹೊತ್ತೊಯ್ಯುವುದುಂಟು. ನಮ್ಮೂರ ಹೈದರಾಬಾದ್ ಹೆದ್ದಾರಿಯ ಗ್ಯಾರೇಜುಗಳಲ್ಲಿ ಅವು ಏನೇನು ಹುಡುಕುತ್ತವೋ!

ಮನೆಗೆ ತಂದ ರಾಳದಲ್ಲಿ ಒಂದಿಷ್ಟು ಮೇಣದೊಂದಿಗೆ ಬೆರೆತು ಮೊಟ್ಟೆಯ ಕೋಶ, ಜೇನಿನ ಕುಡಿಕೆ, ಕೊಳವೆಗಳಾಗುತ್ತದೆ. ಉಳಿದದ್ದು ಒಳಗೆ ಹಸಿಯಾಗಿಯೇ ಗುಡ್ಡೆ ಬಿದ್ದಿರುತ್ತದೆ, ಶತ್ರು ಬಂದ ದಿನಕ್ಕೆ. ರಾಳಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ.

ಆಸ್ಟ್ರೇಲಿಯಾದ ಇವುಗಳ ಬಂಧುಗಳು ಇನ್ನೂ ಒಂದು ಹೆಜ್ಜೆ ಮುಂದೆ. ಗೂಡಿಗೆ ನುಗ್ಗುವ ಸಣ್ಣ ದುಂಬಿಯನ್ನು ರಾಳ, ಮೇಣ, ಮಣ್ಣಿನಲ್ಲಿ ಜೀವಂತವಾಗಿಯೇ ಮೆತ್ತಿ ಮಮ್ಮಿ ಮಾಡಿಬಿಡುತ್ತವೆ. ಗೂಡನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದ ವಿಜ್ಞಾನಿಗಳು 2010ರಲ್ಲಿ ಇದನ್ನು ಪ್ರಕಟಿಸಿದರು. ಓದಿದಾಗ ನನಗೆ ನೆನಪಾದದ್ದು ಆ ಇರುವೆ.

ಇಷ್ಟೆಲ್ಲ ಯುದ್ಧ ಗೆಲ್ಲುವ ಹುಳಕ್ಕೆ ಒಂದು ಬಾಂಡ್ಲಿ ಸಿಮೆಂಟ್ ಸಾಕು. ಬಾಯಿ ಮುಚ್ಚಿದರೆ ಒಳಗಿದ್ದವು ಒಳಗೇ ಸಾಯುತ್ತವೆ. ಗೂಡು ತೆಗೆದು ಮಡಿಕೆಗೆ ಹಾಕೋಣವೆಂದರೆ ಕಲ್ಲು ಕೀಳಬೇಕು, ಗೋಡೆಯೇ ಕುಸಿದೀತು. ಕಾಕಾ ಗೊಣಗಿದರು, ಗೌಂಡಿ ನಕ್ಕರು. ಕೊನೆಗೆ ಒಂದು ಗೇಣು ಪ್ಲಾಸ್ಟಿಕ್ ಪೈಪನ್ನು ಕೊಳವೆಯ ಬಾಯಿಗೆ ಕೂಡಿಸಿ, ಸುತ್ತ ಗಿಲಾವು ಮಾಡಿದರು.

ಎರಡು ದಿನ ಜೇನುಗಳು ಹೊಸ ಗೋಡೆಯ ಮುಂದೆ ಸುಮ್ಮನೆ ಸುತ್ತಿದವು. ಆಯಿ ಕಟ್ಟೆ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಕೂಗಿ ಕರೆದಳು. ಬಿಳಿ ಪೈಪಿನ ಅಂಚಿಗೆ ಕಂದು ರಾಳದ ತೆಳು ಉಂಗುರ ಹತ್ತಿತ್ತು.