ಗುಂಡು ದೊಡ್ಡದಿದ್ದರ ಸಾಲದು

ಅಕ್ಕಲಕೋಟ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ದೇಶದಾಗ ಷೋಕಿಯ ಬೇಟೆ ಮುಗಿದ ಮಾತು. ಆದರೂ ಬೆಳೆ ಹಾಳು ಮಾಡುವ ಕಾಡುಹಂದಿ ಕೊಲ್ಲಲು ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಸಿಗುತ್ತದೆ. 2022ರಲ್ಲಿ ಕೇರಳ ಸರಕಾರ ಈ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ವಹಿಸಿತು. ಕಾಸರಗೋಡು, ವಯನಾಡಿನ ನಮ್ಮ ಮಂದಿಗೆ ಇದು ನೇರ ಸಂಬಂಧದ ಸಂಗತಿ. ಅನುಮತಿ ಸಿಕ್ಕಿತು, ಗುಂಡು ಯಾವುದು?

ದೊಡ್ಡ ಗುಂಡಾದರ ಸಾಕು ಅನ್ನೋರೇ ಬಹಳ. ಆಫ್ರಿಕಾದಾಗ ಬೆಲ್ ಎಂಬ ಬೇಟೆಗಾರ ನೂರಾರು ಆನೆಗಳನ್ನು ಹೊಡೆದದ್ದು ಸಣ್ಣ .275 ರೈಫಲಿನಿಂದ. ಆದರ ಆತ ಬಳಸಿದ್ದು ಪೂರ್ತಿ ಲೋಹದ ಕವಚದ ಸಾಲಿಡ್ ಗುಂಡು. ಎಲುಬು ಸೀಳಿ ನೆಟ್ಟಗೆ ಒಳಗ ಹೋಗುವಂಥದು. ಆನೆಯ ಅಂಗರಚನೆಯೂ ಆತಗ ಬಾಯಿಪಾಠ. ಜಿಮ್ ಕಾರ್ಬೆಟ್ ಬಳಿಯೂ ಅದೇ .275 ಇತ್ತು. ಹೊಸೂರು ಕಡೆಯ ಜವಳಗಿರಿಯ ನರಭಕ್ಷಕ ಹುಲಿಯ ಕತೆ ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಾಗ ಮಾತ್ರ ಭಾರೀ .405 ವಿಂಚೆಸ್ಟರ್.

ಹುಲಿ, ಹಂದಿ, ಜಿಂಕೆಗೆ ಸಾಲಿಡ್ ಬೇಡ. ಅದು ಆರಪಾರ ಹಾದು ಹೋಗುತ್ತದೆ, ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ, ಹಿಂದೆ ಮನುಷ್ಯ ಇದ್ದರ ಅವನಿಗೂ ಕುತ್ತು. ಇಲ್ಲಿ ತುದಿಯಲ್ಲಿ ಸೀಸ ಕಾಣುವ ಸಾಫ್ಟ್‌ನೋಸ್ ಗುಂಡೇ ಸರಿ. ಒಳಗ ಹೋಗಿ ಅರಳುತ್ತದೆ. ಅದೇ ಗುಂಡು ಆನೆಯ ತಲೆಬುರುಡೆಗೆ ತಾಗಿದರ ಮೊದಲೇ ಅರಳಿ ನಡುವೆಯೇ ನಿಂತೀತು. ಬಿಕಾಂ ಓದಿದವನ ಲೆಕ್ಕ ಒಂದು ಹೇಳಲೇ? ಗುಂಡಿನ ತೂಕ ಇಮ್ಮಡಿಯಾದರ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರ ನಾಲ್ಕು ಪಟ್ಟು. ಆದರ ಜಾಗ ತಪ್ಪಿದರ ಎಲ್ಲಾ ಲೆಕ್ಕ ಸೊನ್ನೆ.

ಹಳ್ಳಿಯಾಗ ಹೆಚ್ಚಾಗಿ ಇರೋದು 12 ಬೋರ್ ಬಂದೂಕು. ಹಕ್ಕಿ ಹೊಡೆಯುವ ಸಣ್ಣ ಛರ್ರಾ ಹಾಕಿ ಹಂದಿಗೆ ಹೊಡೆಯೋದು ಕ್ರೌರ್ಯ. ಗಂಡು ಹಂದಿಯ ಹೆಗಲ ಮೇಲೆ ದಪ್ಪ ಗಟ್ಟಿ ತೊಗಲಿರುತ್ತದೆ, ಛರ್ರಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆ ಬಿದ್ದೀತು. ಎಲ್‌ಜಿ, ಎಸ್‌ಜಿ ದೊಡ್ಡ ಗೋಲಿ ಇದ್ದರೂ ಹೊಡೆತ 30 ಮೀಟರಿನೊಳಗೇ ಇರಬೇಕು. ಸರಕಾರಿ ಕಾರ್ಖಾನೆಯ .315 ರೈಫಲ್ ಇದ್ದವರಿಗೆ ಸಾಫ್ಟ್‌ನೋಸ್ ಸಾಕು.

ಹೊಡೆದ ಮೇಲೆ ಹಂದಿ ಯಾರದು? 39ನೇ ಕಲಮಿನಂತೆ ಸರಕಾರದ್ದು. ಮನೆಗೆ ಒಯ್ಯುವ ಹಾಗಿಲ್ಲ, ಗಾಯಗೊಂಡು ತಪ್ಪಿಸಿಕೊಂಡಿದ್ದರ ಅರಣ್ಯ ಸಿಬ್ಬಂದಿಗೆ ಅಂದೇ ತಿಳಿಸಬೇಕು.