ಯಾವ ಬೋಗಿ ಮೊದಲು?

ಮುಂಬೈಯ ಮಾಟುಂಗದಲ್ಲಿ ಮಧ್ಯ ರೈಲ್ವೆ ಮತ್ತು ಪಶ್ಚಿಮ ರೈಲ್ವೆಯ ಹಳಿಗಳ ನಡುವಿನ ತ್ರಿಕೋನ ಜಾಗದಲ್ಲಿ ಬೋಗಿ ದುರಸ್ತಿಯ ದೊಡ್ಡ ವರ್ಕ್‌ಶಾಪ್ ಇದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗಾಗಿ ಇದು ಶುರುವಾದದ್ದು 1915ರಲ್ಲಿ. ಇಲ್ಲಿಗೆ ಬಂದ ಬೋಗಿಯನ್ನು ಕ್ರೇನ್‌ನಿಂದ ಎತ್ತಿ ಗಾಲಿಗಳಿಂದ ಬೇರ್ಪಡಿಸಬೇಕು. ಗಾಲಿಯ ಸವೆತ ತಿದ್ದಬೇಕು, ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಬೇಕು, ಬ್ರೇಕು, ವೈರಿಂಗು, ಸೀಟು ಸರಿಪಡಿಸಿ ಬಣ್ಣ ಹೊಡೆಯಬೇಕು. ಆಮೇಲೆ ಮತ್ತೆ ಗಾಲಿಗಳ ಮೇಲೆ ಕೂರಿಸಬೇಕು.

ಇಂಥ ಕೆಲಸಗಳಿಗೆ ಎಷ್ಟು ದಿನ ಬೇಕೆಂಬ ಲೆಕ್ಕಕ್ಕೆ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 'ಕ್ರಿಟಿಕಲ್ ಪಾತ್' ವಿಧಾನ ರೂಪುಗೊಂಡಿತು. ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸಗಳಲ್ಲಿ ಅತಿ ಉದ್ದದ ಸರಣಿಯನ್ನು ಹುಡುಕಬೇಕು. ಅದಕ್ಕಿಂತ ಬೇಗ ಯೋಜನೆ ಮುಗಿಯದು. ಆದರೆ ಈ ಲೆಕ್ಕದಲ್ಲಿ ಕ್ರೇನ್ ಸದಾ ಖಾಲಿ, ಕೆಲಸಗಾರರು ಸದಾ ಸಿದ್ಧ ಎಂದೇ ಭಾವಿಸಲಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಎರಡು ಬೋಗಿ, ಒಂದೇ ಕ್ರೇನ್. ಎತ್ತಲು ಒಂದು ದಿನ, ಇಳಿಸಲು ಒಂದು ದಿನ. ನಡುವಿನ ದುರಸ್ತಿಗೆ ಮೊದಲನೆಯದಕ್ಕೆ 6 ದಿನ, ಎರಡನೆಯದಕ್ಕೆ 2 ದಿನ. ಸಣ್ಣ ಕೆಲಸ ಬೇಗ ಮುಗಿಯಲಿ ಎಂದು ಎರಡನೆಯದನ್ನು ಮೊದಲು ಎತ್ತಿದರೆ ಎಲ್ಲ ಮುಗಿಯಲು 9 ದಿನ ಬೇಕು. ಹೆಚ್ಚು ಕೆಲಸವಿರುವುದನ್ನು ಮೊದಲು ಎತ್ತಿದರೆ 8 ದಿನ ಸಾಕು. ಎರಡು ಕ್ರೇನ್ ಇದ್ದರೂ 8 ದಿನವೇ! ಸರಿಯಾದ ಸರದಿ ಇಲ್ಲಿ ಒಂದು ಕ್ರೇನ್ ಉಳಿಸಿತು.

ಬೋಗಿ ಹತ್ತಾದರೆ ಸರದಿಗಳು 36,28,800. ಗಾಲಿ ತಿದ್ದುವ ಲೇತು, ವೆಲ್ಡರುಗಳ ತಂಡ, ಬಣ್ಣದ ಶೆಡ್ಡು ಎಲ್ಲವೂ ಮಿತವಾಗಿದ್ದರೆ ಗೋಜಲು ಇನ್ನೂ ಬೆಳೆಯುತ್ತದೆ. ಎಲ್ಲ ಸಂದರ್ಭಕ್ಕೂ ಅತ್ಯುತ್ತಮ ಸರದಿಯನ್ನು ಬೇಗ ಹುಡುಕಿಕೊಡುವ ಅಲ್ಗಾರಿದಮ್ ಯಾರಿಗೂ ಸಿಕ್ಕಿಲ್ಲ. ಹಾಗಾಗಿ ಕಂಪ್ಯೂಟರ್ ಮೊದಲು ಪ್ರತಿ ಕೆಲಸಕ್ಕೂ ಆದ್ಯತೆ ಕೊಡುತ್ತದೆ: ಯಾವುದರ ಹಿಂದೆ ಹೆಚ್ಚು ಕೆಲಸ ಕಾದಿದೆ, ಯಾವುದಕ್ಕೆ ಗಡುವು ಹತ್ತಿರ? ಆ ಕ್ರಮದಲ್ಲಿ ಒಂದೊಂದನ್ನೇ ಖಾಲಿ ಜಾಗಕ್ಕೆ ಕೂರಿಸುತ್ತದೆ. ಬಳಿಕ ಸರದಿಯನ್ನು ಅಲ್ಲಲ್ಲಿ ಅದಲುಬದಲು ಮಾಡಿ, ದಿನ ಕಡಿಮೆಯಾದರೆ ಉಳಿಸಿಕೊಳ್ಳುತ್ತದೆ.

ಗಣಿತಜ್ಞ ರೊನಾಲ್ಡ್ ಗ್ರಹಾಂ 1966ರಲ್ಲಿ ಇನ್ನೊಂದು ಅಚ್ಚರಿ ತೋರಿಸಿದರು. ಆದ್ಯತೆಯ ಪಟ್ಟಿ ಬದಲಿಸದೆ ಯಂತ್ರವೊಂದನ್ನು ಹೆಚ್ಚಿಸಿದರೆ ಕೆಲವೊಮ್ಮೆ ಕೆಲಸ ಮತ್ತಷ್ಟು ತಡವಾಗುತ್ತದೆ. ಹೊಸ ಯಂತ್ರದ ನೆಪದಲ್ಲಿ ತುರ್ತಿಲ್ಲದ ಕೆಲಸಗಳು ಮುಂಚೆಯೇ ಶುರುವಾಗಿ, ಮುಖ್ಯವಾದದ್ದು ಬರುವ ಹೊತ್ತಿಗೆ ಯಂತ್ರಗಳೆಲ್ಲ ಭರ್ತಿಯಾಗಿರುತ್ತವೆ.

ಬೋಗಿ ವರ್ಕ್‌ಶಾಪಿನಲ್ಲಿ ನಿಂತ ಪ್ರತಿ ದಿನವೂ ಪ್ರಯಾಣಿಕರಿಗೆ ಅಷ್ಟು ಸೀಟು ಕಡಿಮೆ. ತಡವಾದಾಗ ಕೆಲಸಗಾರರನ್ನು ದೂರುವ ಮೊದಲು, ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು, ಸರದಿಯನ್ನು ಲೆಕ್ಕ ಹಾಕಿ ನೋಡುವುದು ನ್ಯಾಯ.